ಬಾವಿಯ ಕರಿ ಮಣ್ಣಿನಲ್ಲಿ ಎಲೆ ಕೊಳೆಯದೆ ಉಳಿದದ್ದು ಹೇಗೆ? ಕಲ್ಲೆಣ್ಣೆಯ ಮೂಲಶಿಲೆಯಲ್ಲಿ ನಡೆಯುವುದೂ ಇದೇಯೇ?

ಶಿರಿಯ ಹೊಳೆಕರೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕುಂಬಳೆಯಿಂದ ಸ್ವಲ್ಪ ಬಡಗಿಗೆ, ಶಿರಿಯ ಹೊಳೆಯ ಬದಿಯ ಬೈಲಿನಲ್ಲಿದೆ. ಈ ಬೇಸಗೆಯಲ್ಲಿ ಹಳೆಯ ಬಾವಿ ಬತ್ತಿದ ಕಾರಣ ಗದ್ದೆಯ ಅಂಚಿನಲ್ಲಿ ಹೊಸದೊಂದು ರಿಂಗ್ ಬಾವಿ ತೋಡಿಸಿದೆವು. ಮೇಲಿನ ಹೊಯಿಗೆ ಮುಗಿದು, ಅದರಡಿಯ ಬೂದು ಜೇಡಿಯೂ ಮುಗಿದು, ಹದಿನೆಂಟು ಅಡಿಯ ಹೊತ್ತಿಗೆ ಕಾಡಿಗೆಯಂತಹ ಕರಿ ಮಣ್ಣು ಸಿಕ್ಕಿತು. ಕೊಳೆತ ಮೊಟ್ಟೆಯ ವಾಸನೆಗೆ ಕೆಲಸದವರು ಮೂಗು ಮುಚ್ಚಿಕೊಂಡು ಮೇಲೆ ಬಂದರು. ಒಂದು ಹೆಂಟೆಯನ್ನು ಕತ್ತಿಯಿಂದ ಸೀಳಿ ನೋಡಿದರೆ ಒಳಗೆ ಎಲೆಗಳಿದ್ದವು. ಬಣ್ಣ ಕಂದಾಗಿತ್ತು, ಆದರೆ ನರಗಳೆಲ್ಲ ಎಣಿಸುವಷ್ಟು ಸ್ಪಷ್ಟವಾಗಿದ್ದವು. ನನ್ನ ತೋಟದಲ್ಲಿ ಅಡಿಕೆಯ ಬುಡಕ್ಕೆ ಹಾಕಿದ ಸೊಪ್ಪು ಒಂದು ಮಳೆಗಾಲ ದಾಟುವುದಿಲ್ಲ. ಹಾಗಿರುವಾಗ ಈ ಎಲೆ ಉಳಿದದ್ದು ಹೇಗೆ? ಕೆಳಗೆ ಎಣ್ಣೆ ಇದೆ ಎಂದು ಊರಿನ ಹುಡುಗರು ಸುದ್ದಿ ಹಬ್ಬಿಸಿದ್ದಾರೆ. ಕಲ್ಲೆಣ್ಣೆ ಹುಟ್ಟುವ ಶಿಲೆಗಳಲ್ಲಿಯೂ ಸಾವಯವ ದ್ರವ್ಯ ಇದೇ ರೀತಿ ಉಳಿಯುತ್ತದೆಯೇ ಎಂಬುದನ್ನು ತಿಳಿದವರು ವಿವರಿಸಬೇಕಾಗಿ ಕೋರಿಕೆ.

ಉಪ್ಪಳದವ:
ಪೆಟ್ರೋಲ್ ಪಂಪ್ ಉದ್ಘಾಟನೆಗೆ ನಮಗೆ ಆಮಂತ್ರಣ ಇರಲಿ.

ಬಾವಿ ಕೆಲಸದವ:
ತಮಾಷೆ ಆಮೇಲೆ ಮಾಡೋಣ. ಆ ವಾಸನೆ ಹೈಡ್ರೋಜನ್ ಸಲ್ಫೈಡ್ ಅನಿಲದ್ದು. ಅದು ಹೆಚ್ಚಾದರೆ ಮೂಗು ಸೋತು ವಾಸನೆಯೇ ತಿಳಿಯುವುದಿಲ್ಲ, ವಾಸನೆ ಹೋಯಿತೆಂದು ಇಳಿದವನು ಮೇಲೆ ಬರುವುದಿಲ್ಲ. ದೀಪ ಇಳಿಸಿ ನೋಡುವ ನಮ್ಮ ಹಿರಿಯರ ಪದ್ಧತಿಯಿಂದ ಉಸಿರಾಡುವ ಗಾಳಿ ಇದೆಯೇ ಎಂಬುದು ತಿಳಿದೀತೇ ಹೊರತು ಈ ವಿಷ ತಿಳಿಯದು. ಕರಿ ಮಣ್ಣಿನಲ್ಲಿ ಮೀಥೇನ್ ಇದ್ದರೆ ದೀಪವೇ ಅಪಾಯ. ಗಾಳಿ ಊದಿಸದೆ, ಸೊಂಟಕ್ಕೆ ಹಗ್ಗ ಕಟ್ಟದೆ ಯಾರನ್ನೂ ಇಳಿಸಬೇಡಿ.

ಶಿರಿಯ ಹೊಳೆಕರೆ:
ಒಳ್ಳೆಯ ಎಚ್ಚರಿಕೆ ಕೊಟ್ಟಿರಿ ಅಣ್ಣ. ಬಾಡಿಗೆಗೆ ಬ್ಲೋವರ್ ತಂದಿದ್ದೇವೆ. ಈಗ ಸದ್ಯ ಕೆಲಸ ನಿಂತಿದೆ.

ನಿವೃತ್ತ ಭೂಗರ್ಭ ಮಾಸ್ಟ್ರು:
ಬಾವಿಯ ಮಣ್ಣು ಮತ್ತು ಎಣ್ಣೆಯ ಮೂಲಶಿಲೆ ಹತ್ತಿರದ ಸಂಬಂಧಿಗಳು, ಆದರೆ ಒಂದೇ ಅಲ್ಲ. ಸಂಬಂಧ ಎಲ್ಲಿದೆ ಎಂಬುದನ್ನು ಮೊದಲು ಹೇಳುತ್ತೇನೆ.

ಸತ್ತ ಎಲೆಯಾಗಲಿ, ಕಡಲಿನಲ್ಲಿ ತೇಲುವ ಕಣ್ಣಿಗೆ ಕಾಣದ ಪಾಚಿಯಾಗಲಿ, ತನ್ನಿಂದ ತಾನೇ ಕೊಳೆಯುವುದಿಲ್ಲ, ಅದನ್ನು ತಿನ್ನುವವರಿರುತ್ತಾರೆ. ಆಮ್ಲಜನಕ ಇರುವಲ್ಲಿ ಹುಳು, ಶಿಲೀಂಧ್ರ, ಬ್ಯಾಕ್ಟೀರಿಯಾ ಎಲ್ಲವೂ ಸೇರಿ ತಿನ್ನುತ್ತವೆ. ಆಮ್ಲಜನಕ ಮುಗಿದ ಮೇಲೂ ಊಟ ನಿಲ್ಲುವುದಿಲ್ಲ: ನೈಟ್ರೇಟು, ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟು ಎಂದು ಒಂದಾದ ಮೇಲೊಂದನ್ನು ಬಳಸಿ ಬೇರೆ ಬೇರೆ ಬ್ಯಾಕ್ಟೀರಿಯಾಗಳು ಕೆಲಸ ಮುಂದುವರಿಸುತ್ತವೆ, ಕಟ್ಟಕಡೆಗೆ ಮೀಥೇನ್ ತಯಾರಾಗುತ್ತದೆ. ನಿಮ್ಮ ಬಾವಿಯ ಕೊಳೆತ ಮೊಟ್ಟೆಯ ವಾಸನೆ ಸಲ್ಫೇಟನ್ನು ಬಳಸುವವರ ಪಂಕ್ತಿಯಿಂದ ಬಂದದ್ದು. ಒಂದು ಕಾಲದಲ್ಲಿ ಉಪ್ಪುನೀರು ಅಲ್ಲಿಯವರೆಗೆ ಏರುತ್ತಿತ್ತೆಂದು ಇದರಿಂದ ಊಹಿಸಬಹುದು, ಏಕೆಂದರೆ ಸಲ್ಫೇಟು ಸಮುದ್ರದ ನೀರಿನಲ್ಲಿ ಧಾರಾಳವಾಗಿದೆ, ಹೊಳೆಯ ಸಿಹಿನೀರಿನಲ್ಲಿ ಬಹಳ ಕಡಿಮೆ.

ಈ ಪಂಕ್ತಿಗಳನ್ನೆಲ್ಲ ದಾಟಿ ಉಳಿಯುವುದು ಎಷ್ಟು ಎಂದು ಕೇಳಿದರೆ ಆಶ್ಚರ್ಯವಾಗುತ್ತದೆ. ಕಡಲಿನ ಮೇಲ್ಪದರದಲ್ಲಿ ಹುಟ್ಟುವ ಸಾವಯವ ಇಂಗಾಲದಲ್ಲಿ ತಳದ ಕೆಸರಿನಲ್ಲಿ ಖಾಯಂ ಆಗಿ ಹೂತುಹೋಗುವುದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಕಲ್ಲೆಣ್ಣೆ ಎಂಬುದು ಆ ಒಂದು ಪಾಲಿನ ಒಳಗಿನ ಕಥೆ. ಶೇಲ್ ಎಂಬ ಪದರುಪದರಾದ ಜೇಡಿಶಿಲೆಯಲ್ಲಿ ಸಾವಯವ ಇಂಗಾಲ ನೂರಕ್ಕೆ ಎರಡರಷ್ಟು ಇದ್ದರೇ ಅದನ್ನು ಒಳ್ಳೆಯ ಮೂಲಶಿಲೆ ಎನ್ನುತ್ತಾರೆ.

ಪೆರ್ಲದ ಅಕ್ಕ:
ನನಗೆ ಇದು ಉಪ್ಪುಸೊಳೆಯಂತೆ ಕಾಣುತ್ತದೆ. ಭರಣಿಯಲ್ಲಿ ಹಲಸಿನ ಸೊಳೆಯನ್ನು ಉಪ್ಪಿನೊಂದಿಗೆ ಒತ್ತಿ ತುಂಬಿ, ಮೇಲೆ ಕಲ್ಲಿಟ್ಟು, ಬಾಯಿ ಕಟ್ಟಿದರೆ ಆಟಿ ತಿಂಗಳಿಗೂ ಕೆಡುವುದಿಲ್ಲ. ಗಾಳಿ ತಾಗಿದ ಮೇಲಿನ ಪದರ ಮಾತ್ರ ಹಾಳಾಗುತ್ತದೆ. ಗಾಳಿ ಇಲ್ಲದಿದ್ದರೆ ಕೊಳೆಯುವುದಿಲ್ಲ ಎಂದಷ್ಟೇ ಹೇಳಿದರೆ ಸಾಲದೇ?

ಬೇಕಲದ ಸಂಶೋಧಕ:
ಅಕ್ಕ, ಹೋಲಿಕೆ ಚೆನ್ನಾಗಿದೆ, ಆದರೆ ಅರ್ಧ ದಾರಿಯವರೆಗೆ ಮಾತ್ರ ನಡೆಯುತ್ತದೆ. ಭರಣಿಯಲ್ಲಿ ಸೊಳೆಯನ್ನು ಕಾಯುವುದು ಮುಖ್ಯವಾಗಿ ಉಪ್ಪು. ಉಪ್ಪು ಹಾಕದೆ ಬರಿಯ ನೀರಿನಲ್ಲಿ ಮುಳುಗಿಸಿ ಬಾಯಿ ಕಟ್ಟಿ ನೋಡಿ, ಗಾಳಿ ಇಲ್ಲದೆಯೂ ನಾಲ್ಕು ದಿನದಲ್ಲಿ ನಾರುತ್ತದೆ. ಸಕ್ಕರೆ, ಪಿಷ್ಟ, ಪ್ರೋಟೀನಿನಂತಹ ಸುಲಭದ ಆಹಾರವನ್ನು ಆಮ್ಲಜನಕವಿಲ್ಲದ ಬ್ಯಾಕ್ಟೀರಿಯಾಗಳೂ ಹೆಚ್ಚುಕಡಿಮೆ ಅಷ್ಟೇ ವೇಗವಾಗಿ ತಿಂದು ಮುಗಿಸುತ್ತವೆ. ವ್ಯತ್ಯಾಸ ಕಾಣುವುದು ಗಟ್ಟಿ ವಸ್ತುಗಳಲ್ಲಿ, ಅಂದರೆ ಮರದ ಲಿಗ್ನಿನ್, ಎಲೆಯ ಮೇಣ, ಕೆಲವು ಪಾಚಿಗಳ ಕೋಶಭಿತ್ತಿಯಲ್ಲಿರುವ ಆಲ್ಜಿನನ್ ಮುಂತಾದವುಗಳಲ್ಲಿ. ಇವನ್ನು ಒಡೆಯುವುದಕ್ಕೆ ಆಮ್ಲಜನಕ ಬೇಕೇ ಬೇಕು ಎನ್ನುವಷ್ಟು ಕಷ್ಟ.

ನೀಲೇಶ್ವರದಿಂದ:
ಕತ್ತದ ಕೆಲಸ ಗೊತ್ತಿರುವವರಿಗೆ ಇದು ಹೊಸ ಸಂಗತಿಯೇ ಅಲ್ಲ. ನಮ್ಮ ಹಿನ್ನೀರಿನ ಕಡೆ ತೆಂಗಿನ ಸಿಪ್ಪೆಯನ್ನು ಬಲೆಯಲ್ಲಿ ಕಟ್ಟಿ ಕೆಸರಿನಲ್ಲಿ ತಿಂಗಳುಗಟ್ಟಲೆ ಮುಳುಗಿಸಿಡುತ್ತಿದ್ದರು. ನೀರು ಕಪ್ಪಾಗಿ ಬಾವಿಯದ್ದೇ ವಾಸನೆ ಬರುತ್ತಿತ್ತು. ನಾರುಗಳನ್ನು ಅಂಟಿಸಿಟ್ಟಿದ್ದ ಮೆದು ಭಾಗವೆಲ್ಲ ಕರಗಿ ಹೋಗುತ್ತಿತ್ತು, ನಾರು ಮಾತ್ರ ಹಾಗೆಯೇ ಉಳಿಯುತ್ತಿತ್ತು. ಅದೇ ಸಿಪ್ಪೆಯನ್ನು ತೆಂಗಿನ ಬುಡದಲ್ಲಿ ಬಿಸಿಲು ಮಳೆಗೆ ಬಿಟ್ಟರೆ ಕೆಲವು ವರ್ಷಗಳಲ್ಲಿ ನಾರೂ ಇಲ್ಲ, ಏನೂ ಇಲ್ಲ.

ಬೇಕಲದ ಸಂಶೋಧಕ:
ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುತ್ತಿರಲಿಲ್ಲ. ತಿನ್ನಲಾಗದ್ದು ಆಯ್ಕೆಯಾಗಿ ಉಳಿಯುವುದು ಎಂದರೆ ಇದೇ.

ಉಪ್ಪಳದವ:
ಹಾಗಾದರೆ ಕತ್ತದ ಹಗ್ಗವನ್ನು ಹೂತಿಟ್ಟರೆ ಎಣ್ಣೆಯಾಗುತ್ತದೆಯೇ?

ನಿವೃತ್ತ ಭೂಗರ್ಭ ಮಾಸ್ಟ್ರು:
ಆಗುವುದಿಲ್ಲ, ಮತ್ತು ಆಗದಿರುವುದಕ್ಕೆ ಕಾರಣವೇ ಬಾವಿಯ ಪ್ರಶ್ನೆಗೂ ಉತ್ತರ. ಎಣ್ಣೆಯಾಗಬೇಕಾದರೆ ದ್ರವ್ಯದಲ್ಲಿ ಜಲಜನಕ ಹೆಚ್ಚಿರಬೇಕು. ಪಾಚಿ ಮತ್ತು ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲವಕಗಳ ಕೊಬ್ಬಿನಲ್ಲಿ ಅದು ಇದೆ; ಮರ, ನಾರು, ಎಲೆಯ ನರಗಳಲ್ಲಿ ಇಲ್ಲ. ಹೂತು ಉಳಿದ ದ್ರವ್ಯ ಗಟ್ಟಿಯಾಗಿ ಕೆರೋಜೆನ್ ಆಗುತ್ತದೆ, ಅದರಲ್ಲಿ ಮೂರು ಮುಖ್ಯ ಬಗೆಗಳು. ಸರೋವರದ ಪಾಚಿಯಿಂದ ಬಂದದ್ದು ಒಂದನೆಯದು, ಅಮೆರಿಕದ ಗ್ರೀನ್ ರಿವರ್ ಶಿಲೆ ಇದಕ್ಕೆ ಪ್ರಸಿದ್ಧ. ನಮ್ಮ ರಾಜಸ್ಥಾನದ ಬಾರ್ಮೇರ್‌ನಲ್ಲಿಯೂ ಎಣ್ಣೆಯ ಮೂಲ ಹಳೆಯ ಸರೋವರದ ಕೆಸರೇ. ಕಡಲಿನ ಪ್ಲವಕದಿಂದ ಬಂದದ್ದು ಎರಡನೆಯದು, ಉತ್ತರ ಸಮುದ್ರದ ಎಣ್ಣೆಗೆ ಕಾರಣವಾದ ಕಿಮೆರಿಡ್ಜ್ ಜೇಡಿ ಈ ಜಾತಿಯದು. ಮೂರನೆಯದು ನೆಲದ ಗಿಡಮರಗಳದ್ದು. ಅದು ಕಲ್ಲಿದ್ದಲಿಗೂ ಅನಿಲಕ್ಕೂ ಹತ್ತಿರ. ಕಣ್ಣೂರಿನ ಮಾಡಾಯಿಯಲ್ಲಿ ಮುರಕಲ್ಲಿನ (ಲ್ಯಾಟರೈಟ್) ಅಡಿಯ ಬಿಳಿ ಜೇಡಿಯ ಜೊತೆ ಸಿಗುವ ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲು ಈ ಮನೆತನದ್ದೇ. ಹೊಳೆಕರೆಯವರ ಎಲೆಗಳು ಕೆಲವು ಸಾವಿರ ವರ್ಷಗಳಷ್ಟೇ ಹಳೆಯವಾಗಿರಬಹುದು, ಮೇಲಾಗಿ ಅವು ಬೆಂದಿಲ್ಲ. ಎಣ್ಣೆ ಹೊರಡಬೇಕಾದರೆ ಶಿಲೆ ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಲಕ್ಷಾಂತರ ವರ್ಷ ಇರಬೇಕು, ಅಂದರೆ ಸಾಮಾನ್ಯವಾಗಿ ಎರಡು ಕಿಲೋಮೀಟರಿಗಿಂತ ಆಳ. ಹದಿನೆಂಟು ಅಡಿ ಎಲ್ಲಿ, ಎರಡು ಕಿಲೋಮೀಟರ್ ಎಲ್ಲಿ.

ಅಡೂರಿನ ವಿದ್ಯಾರ್ಥಿ:
ಡೈನೋಸಾರ್‌ಗಳಿಂದ ಎಣ್ಣೆ ಬಂದಿತೆಂದು ಶಾಲೆಯಲ್ಲಿ ಕೇಳಿದ್ದೆ.

ನಿವೃತ್ತ ಭೂಗರ್ಭ ಮಾಸ್ಟ್ರು:
ನಿನ್ನ ಹಾಗೆ ಕೇಳಿದವರು ಬಹಳ ಮಂದಿ ಇದ್ದಾರೆ ಮಗ. 1934ರಲ್ಲಿ ಜರ್ಮನಿಯ ಆಲ್ಫ್ರೆಡ್ ಟ್ರೈಬ್ಸ್ ಕಚ್ಚಾ ಎಣ್ಣೆಯೊಳಗೆ ಪಾರ್ಫಿರಿನ್ ಎಂಬ ಅಣುಗಳನ್ನು ಗುರುತಿಸಿ, ಅವು ಹಸುರೆಲೆಯ ಕ್ಲೋರೋಫಿಲ್‌ನಿಂದ ಬಂದವೆಂದು ತೋರಿಸಿದರು. ಎಣ್ಣೆಯ ಮೂಲ ಹಸುರು ಜೀವಿ ಎಂಬುದಕ್ಕೆ ಅದು ಗಟ್ಟಿ ಸಾಕ್ಷಿ. ಈ ಅಣುಗಳು ಆಮ್ಲಜನಕಕ್ಕೆ ಸಿಕ್ಕಿದರೆ ಬಾಳುವುದಿಲ್ಲ, ಆದ್ದರಿಂದ ಅವು ಉಳಿದಿವೆ ಎಂದರೆ ಹೂತ ಜಾಗದಲ್ಲಿ ಆಮ್ಲಜನಕ ಇರಲಿಲ್ಲವೆಂದೂ ಅರ್ಥ.

ಮಂಜೇಶ್ವರದ ಓದುಗ:
ಇಷ್ಟೆಲ್ಲ ಆದ ಮೇಲೂ ಕೊನೆಗೆ ಆಮ್ಲಜನಕದ ಅಭಾವವೇ ಕಾರಣ ಎಂದಾಯಿತು. ಕಪ್ಪು ಸಮುದ್ರವನ್ನು ನೋಡಿ. ಅದರ ಆಳ 2,200 ಮೀಟರ್, ಆದರೆ ಮೇಲಿನ ನೂರು, ನೂರೈವತ್ತು ಮೀಟರ್ ಬಿಟ್ಟರೆ ಕೆಳಗೆಲ್ಲ ಆಮ್ಲಜನಕವಿಲ್ಲ. 2018ರಲ್ಲಿ ಅಲ್ಲಿ ಸುಮಾರು ಎರಡು ಕಿಲೋಮೀಟರ್ ಆಳದಲ್ಲಿ 2,400 ವರ್ಷ ಹಳೆಯ ಗ್ರೀಕ್ ಹಡಗು ಹಾಯಿ ಕಟ್ಟುವ ಕೂವೆಮರದೊಂದಿಗೆ ಸಿಕ್ಕಿತು. ಬೇರೆ ಕಡಲಿನಲ್ಲಿ ಆ ಮರ ಹುಳುಗಳ ಪಾಲಾಗುತ್ತಿತ್ತು. ಡೆಮೈಸನ್ ಮತ್ತು ಮೂರ್ ಎಂಬವರು 1980ರಲ್ಲಿಯೇ ಎಣ್ಣೆಯ ಮೂಲಶಿಲೆಗೆ ಆಮ್ಲಜನಕವಿಲ್ಲದ ತಳವೇ ಮುಖ್ಯವೆಂದು ಬರೆದಿದ್ದಾರೆ. ಇನ್ನೇನು ಚರ್ಚೆ ಉಳಿದಿದೆ?

ಬೇಕಲದ ಸಂಶೋಧಕ:
ಉಳಿದಿದೆ, ಸ್ವಾಮಿ. 1990ರಲ್ಲಿ ಪೆಡರ್ಸನ್ ಮತ್ತು ಕಾಲ್ವರ್ಟ್ ಅದಕ್ಕೆ ನೇರವಾಗಿ ಎದುರು ವಾದ ಹೂಡಿದರು. ತಳದಲ್ಲಿ ಆಮ್ಲಜನಕ ಇದೆಯೋ ಇಲ್ಲವೋ ಎಂಬುದಕ್ಕಿಂತ ಮೇಲಿನಿಂದ ಎಷ್ಟು ಸಾವಯವ ದ್ರವ್ಯ ಸುರಿಯುತ್ತದೆ ಎಂಬುದೇ ನಿರ್ಣಾಯಕ, ಆಮ್ಲಜನಕದ ಅಭಾವ ಆ ಸುರಿತದ ಪರಿಣಾಮವೂ ಆಗಿರಬಹುದು ಎಂಬುದು ಅವರ ನಿಲುವು. ಹೆಚ್ಚು ಅನ್ನ ಬಡಿಸಿದ ಎಲೆಯಲ್ಲಿ ಹೆಚ್ಚು ಉಳಿಯುವುದು ಉಂಡವನ ಹೊಟ್ಟೆ ಸಣ್ಣದೆಂದಲ್ಲ.

ಈ ಜಗಳದ ಒಂದು ಅಧ್ಯಾಯ ನಮ್ಮ ಕಡಲಿನಲ್ಲಿಯೇ ನಡೆದಿದೆ. ಅರಬ್ಬೀ ಸಮುದ್ರದಲ್ಲಿ ಸುಮಾರು 150ರಿಂದ 1,000 ಮೀಟರ್ ಆಳದ ನಡುವೆ ಆಮ್ಲಜನಕ ತೀರ ಕಡಿಮೆ ಇರುವ ದಪ್ಪ ಪದರವಿದೆ. ಆ ಪದರ ಭಾರತದ ಪಡುವಣ ಕರಾವಳಿಯಾಚೆಯ ಇಳಿಜಾರಿಗೆ ತಾಗುವ ಕಡೆಗಳಲ್ಲಿ ಕೆಸರಿನ ಸಾವಯವ ಇಂಗಾಲ ನೂರಕ್ಕೆ ನಾಲ್ಕನ್ನು ದಾಟುವುದುಂಟು. ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಪರೋಪ್ಕಾರಿ ಎಂಬವರು ಮತ್ತು ಸಂಗಡಿಗರು 1992ರಲ್ಲಿ ಇದಕ್ಕೆ ಆ ಪದರದ ಸಂರಕ್ಷಣೆಯೇ ಕಾರಣ ಎಂದರು. ಕಾಲ್ವರ್ಟ್ ಮತ್ತು ಸಂಗಡಿಗರು 1995ರಲ್ಲಿ ಅದೇ ಇಳಿಜಾರಿನ ಬಗ್ಗೆ ಬರೆದು ಆ ವಾದವನ್ನು ಒಪ್ಪಲಿಲ್ಲ. ಒಂದೇ ಕಡಲು, ಒಂದೇ ಕೆಸರು, ಎರಡು ತೀರ್ಮಾನ.

ಮೊಗ್ರಾಲಿನ ಮೀನುಗಾರ:
ಆಮ್ಲಜನಕವಿಲ್ಲದ ನೀರು ಆಳದಲ್ಲಿ ಮಾತ್ರವಲ್ಲ. ಮಳೆಗಾಲದಲ್ಲಿ ತಣ್ಣೀರು ಕೆಳಗಿನಿಂದ ದಡದ ಕಡೆಗೆ ಮೇಲೇರಿ ಬರುತ್ತದೆ. ಬೂತಾಯಿ, ಬಂಗುಡೆಗೆ ಮೇವು ಹೆಚ್ಚುವುದು ಆ ನೀರಿನಿಂದಲೇ. ಆದರೆ ಅದೇ ನೀರು ತಳಕ್ಕೆ ಬಂದು ನಿಂತಾಗ ತಳದ ಮೀನು ಅಲ್ಲಿ ನಿಲ್ಲುವುದಿಲ್ಲ, ಬಲೆ ಎಳೆದರೂ ಪ್ರಯೋಜನವಿಲ್ಲ.

ಬೇಕಲದ ಸಂಶೋಧಕ:
ಸರಿಯಾಗಿ ಹೇಳಿದಿರಿ. ಮೇವನ್ನು ಬೆಳೆಸುವ ನೀರೇ ಉಸಿರನ್ನೂ ಕಸಿಯುತ್ತದೆ. ಆದ್ದರಿಂದಲೇ ಉತ್ಪಾದನೆ ಮತ್ತು ಸಂರಕ್ಷಣೆ ಎಂಬ ಎರಡು ಪಕ್ಷಗಳನ್ನು ಬಿಡಿಸಿ ನೋಡುವುದು ಇಷ್ಟು ಕಷ್ಟವಾಗಿದೆ.

ಮುಳ್ಳೇರಿಯದ ಕೃಷಿಕ:
ಕಡಲಿನ ಮಾತಾಯಿತು. ಮಣ್ಣಿಗೆ ಇದರಲ್ಲಿ ಪಾತ್ರವೇ ಇಲ್ಲವೇ? ನಮ್ಮ ಗುಡ್ಡದ ಮುರಕಲ್ಲಿನಲ್ಲಿ ನೀರಿಗಾಗಿ ಸುರಂಗ ಕೊರೆಯುವಾಗ ನೂರಾರು ಅಡಿ ಒಳಗೆ ಹೋದರೂ ಒಂದು ಎಲೆಯ ಗುರುತು ಸಿಗುವುದಿಲ್ಲ, ಎಲ್ಲವೂ ಕೆಂಪು ಹಳದಿ. ಬೈಲಿನ ಜೇಡಿಯಲ್ಲಿ ಮಾತ್ರ ಕಪ್ಪು ಸಿಗುತ್ತದೆ.

ನಿವೃತ್ತ ಭೂಗರ್ಭ ಮಾಸ್ಟ್ರು:
ಒಳ್ಳೆಯ ಪ್ರಶ್ನೆ. ಮುರಕಲ್ಲು ಕೆಸರು ಗಟ್ಟಿಯಾಗಿ ಆದದ್ದಲ್ಲ, ಇದ್ದ ಶಿಲೆಯೇ ಮಳೆ ಬಿಸಿಲಿಗೆ ಶಿಥಿಲವಾಗಿ ಆದದ್ದು. ಆದ್ದರಿಂದ ಅಲ್ಲಿ ಎಲೆ ಹೂಳುವ ಪ್ರಶ್ನೆ ಏಳುವುದೇ ಇಲ್ಲ. ಅದರ ಕೆಂಪು ತುಕ್ಕು ಹಿಡಿದ ಕಬ್ಬಿಣದ್ದು, ಅಂದರೆ ಆಮ್ಲಜನಕ ಧಾರಾಳವಾಗಿ ಓಡಾಡಿದ ಗುರುತು. ತೂತುತೂತಾದ ಕಲ್ಲಿನಲ್ಲಿ ಮಳೆನೀರು ಗಾಳಿಯನ್ನು ಕರೆದುಕೊಂಡೇ ಇಳಿಯುತ್ತದೆ.

ಜೇಡಿಯ ಕೆಲಸ ಎರಡು ಬಗೆಯದು. ಮೊದಲನೆಯದು ಸುಲಭ: ಕಣ ಸಣ್ಣದಾದ್ದರಿಂದ ನೀರು ಗಾಳಿ ಒಳಗೆ ಹರಿಯುವುದಿಲ್ಲ. ಎರಡನೆಯದು ಸೂಕ್ಷ್ಮ. ಜೇಡಿ ಖನಿಜಗಳು ಹಾಳೆಹಾಳೆಯಾಗಿದ್ದು, ಅವುಗಳ ಮೈಗೆ ಸಾವಯವ ಅಣುಗಳು ಅಂಟಿಕೊಂಡು ಬ್ಯಾಕ್ಟೀರಿಯಾದ ಕಿಣ್ವಗಳ ಕೈಗೆ ಸಿಗದಂತಾಗುತ್ತವೆ. 1994ರ ಸುಮಾರಿಗೆ ಕೀಲ್, ಮೇಯರ್ ಮುಂತಾದವರು ಇಂದಿನ ಕಡಲಕೆಸರಿನಲ್ಲಿ ಇದನ್ನು ತೋರಿಸಿದರು. 2002ರಲ್ಲಿ ಕೆನಡಿ ಮತ್ತು ಸಂಗಡಿಗರು ಕರಿ ಶೇಲ್ ಶಿಲೆಗಳಲ್ಲಿಯೇ ಇಂಗಾಲದ ಪ್ರಮಾಣ ಖನಿಜದ ಮೈಯ ವಿಸ್ತಾರದೊಂದಿಗೆ ಏರಿಳಿಯುವುದನ್ನು ತೋರಿಸಿದರು. ಸ್ಮೆಕ್ಟೈಟ್ ಎಂಬ ಉಬ್ಬುವ ಜೇಡಿಗೆ ಇಂತಹ ಮೈ ಬಹಳ ಹೆಚ್ಚು. ನಮ್ಮ ಮುರಕಲ್ಲಿನ ಊರುಗಳಿಂದ ಹೊಳೆ ಒಯ್ಯುವ ಕೆಯೋಲಿನೈಟ್ ಎಂಬ ಬಿಳಿ ಜೇಡಿಗೆ ಕಡಿಮೆ. ಎಣ್ಣೆ ಹುಟ್ಟಿಸುವ ವಿಷಯದಲ್ಲಿ ನಮ್ಮ ಮಣ್ಣು ಸ್ವಲ್ಪ ಬಡವ ಎನ್ನಬೇಕಾಗುತ್ತದೆ.

ಮಂಜೇಶ್ವರದ ಓದುಗ:
ಬೇಗ ಹೂತುಹೋದಷ್ಟೂ ಒಳ್ಳೆಯದು ಎಂದು ಒಪ್ಪುತ್ತೀರಾ? ಹಾಗಾದರೆ ಪ್ರವಾಹದ ಮಣ್ಣು ರಾಶಿ ಬೀಳುವ ನದೀಮುಖಗಳೆಲ್ಲ ಎಣ್ಣೆಯ ಕಣಜಗಳಾಗಬೇಕಿತ್ತು.

ಬೇಕಲದ ಸಂಶೋಧಕ:
ಒಂದು ಹಂತದವರೆಗೆ ಒಪ್ಪುತ್ತೇನೆ. ಮಣ್ಣು ಅತಿಯಾದರೆ ಇರುವ ದ್ರವ್ಯ ಹಂಚಿಹೋಗಿ ತೆಳುವಾಗುತ್ತದೆ, ಮಜ್ಜಿಗೆಗೆ ನೀರು ಹೆಚ್ಚಾದ ಹಾಗೆ. ಎಷ್ಟು ಹುಟ್ಟಿತು, ಎಷ್ಟು ಉಳಿಯಿತು, ಎಷ್ಟು ಮಣ್ಣು ಬೆರೆಯಿತು ಎಂಬ ಮೂರನ್ನೂ ಒಟ್ಟಿಗೆ ಲೆಕ್ಕ ಹಾಕಬೇಕು. ನನ್ನ ಮಟ್ಟಿಗೆ ಎರಡು ಪಕ್ಷಗಳ ಜಗಳವನ್ನು ಹೆಚ್ಚು ಅರ್ಥವತ್ತಾಗಿಸಿದ್ದು ಹಾರ್ಟ್‌ನೆಟ್ ಮತ್ತು ಸಂಗಡಿಗರು 1998ರಲ್ಲಿ ಮುಂದಿಟ್ಟ ಅಳತೆ: ಆಮ್ಲಜನಕ ಇದೆಯೋ ಇಲ್ಲವೋ ಎಂದು ಕೇಳುವುದರ ಬದಲು, ಒಂದು ಕಣ ಆಳಕ್ಕೆ ಹೂತುಹೋಗುವ ಮೊದಲು ಆಮ್ಲಜನಕದ ಕೈಯಲ್ಲಿ ಎಷ್ಟು ಕಾಲ ಇತ್ತು ಎಂದು ಕೇಳಬೇಕು. ನಿಧಾನವಾಗಿ ಕೆಸರು ಕೂಡುವ ಆಳಸಾಗರದಲ್ಲಿ ಆ ಕಾಲ ಸಾವಿರಾರು ವರ್ಷಗಳಾಗಬಹುದು. ಅಲ್ಲಿ ಲಿಗ್ನಿನ್ ಕೂಡ ಉಳಿಯುವುದು ಕಷ್ಟ.

ಪೆರ್ಲದ ಅಕ್ಕ:
ಗಂಧಕದ ಮಾತು ವಾಸನೆಗಷ್ಟೇ ನಿಂತುಹೋಯಿತು. ಅದಕ್ಕೆ ಬೇರೆ ಕೆಲಸವಿಲ್ಲವೇ?

ಬೇಕಲದ ಸಂಶೋಧಕ:
ದೊಡ್ಡ ಕೆಲಸವೇ ಇದೆ. ರಬ್ಬರ್ ಹಾಲಿನ ಹಾಳೆಯನ್ನು ಕಾರ್ಖಾನೆಯಲ್ಲಿ ಗಂಧಕ ಬೆರೆಸಿ ಬಿಸಿಮಾಡಿ ಗಟ್ಟಿ ಮಾಡುತ್ತಾರಲ್ಲ, ಕೆಸರಿನಲ್ಲಿ ಅದೇ ಬಗೆಯ ಕೆಲಸ ಬೆಂಕಿಯಿಲ್ಲದೆ ನಡೆಯುತ್ತದೆ. ಹೈಡ್ರೋಜನ್ ಸಲ್ಫೈಡ್ ಕೊಬ್ಬಿನ ಅಣುಗಳನ್ನು ಒಂದಕ್ಕೊಂದು ಹೊಲಿದು ದೊಡ್ಡ ಜಾಲ ಮಾಡುತ್ತದೆ, ಆ ಜಾಲವನ್ನು ಬ್ಯಾಕ್ಟೀರಿಯಾ ಕತ್ತರಿಸಲಾರದು. ಸುಲಭವಾಗಿ ತಿನ್ನಬಹುದಾಗಿದ್ದ ಅಣುವೂ ಹೀಗೆ ಪಾರಾಗುತ್ತದೆ. ಆದರೆ ಕೆಸರಿನಲ್ಲಿ ಕಬ್ಬಿಣ ಹೆಚ್ಚಿದ್ದರೆ ಅದು ಗಂಧಕವನ್ನು ಮೊದಲೇ ಹಿಡಿದು ಪೈರೈಟ್ ಎಂಬ ಖನಿಜ ಮಾಡಿಬಿಡುತ್ತದೆ, ಕೊಬ್ಬಿನ ಪಾಲಿಗೆ ಉಳಿಯುವುದಿಲ್ಲ. ಕೆಂಪು ಮಣ್ಣಿನ ಊರಿನವರು ನಾವು. ಹೊಳೆಕರೆಯವರ ಬಾವಿಯಲ್ಲಿ ಪೈರೈಟ್ ಖಂಡಿತ ಇರಬೇಕು.

ಮುಳ್ಳೇರಿಯದ ಕೃಷಿಕ:
ಅಯ್ಯೋ, ಹಾಗಾದರೆ ಆ ಮಣ್ಣನ್ನು ತೋಟಕ್ಕೆ ಹಾಕಲೇಬೇಡಿ. ಗಾಳಿಗೆ ಬಂದ ಪೈರೈಟ್ ಗಂಧಕಾಮ್ಲವಾಗುತ್ತದೆ. ಕುಟ್ಟನಾಡಿನ ಕರಿ ಮಣ್ಣಿನಲ್ಲಿಯೂ ಇದೇ ಹುಳಿಯ ಕಾಟ.

ಶಿರಿಯ ಹೊಳೆಕರೆ:
ಎರಡು ವಾರ ತಡವಾಗಿ ಹೇಳಿದಿರಿ. ಸಾವಯವ ಎಂದ ಕೂಡಲೇ ಗೊಬ್ಬರವೆಂದೇ ತಿಳಿಯುವ ನಮ್ಮ ಅಭ್ಯಾಸದಿಂದ ನಾಲ್ಕು ಬುಟ್ಟಿ ಕರಿ ಮಣ್ಣನ್ನು ಎರಡು ಅಡಿಕೆ ಸಸಿಗಳ ಬುಡಕ್ಕೆ ಹಾಕಿಸಿದ್ದೆ. ಈಗ ನೋಡಿದರೆ ಮಣ್ಣಿನ ಮೇಲೆ ಒಣಹುಲ್ಲಿನ ಬಣ್ಣದ ಹಳದಿ ಹೊಪ್ಪಳೆ ಎದ್ದಿದೆ, ಸಸಿಗಳ ಸೋಗೆ ತುದಿಯಿಂದ ಕರಟುತ್ತಿದೆ.

ಮುಳ್ಳೇರಿಯದ ಕೃಷಿಕ:
ಹಳದಿ ಜಾರೋಸೈಟ್ ಇರಬೇಕು, ಹುಳಿ ಮಣ್ಣಿನ ಗುರುತು. ಇಂದೇ ಕೆರೆದು ತೆಗೆದು, ಬುಡಕ್ಕೆ ಸುಣ್ಣ ಕೊಡಿ. ಎಷ್ಟೆಂದು ಅಂದಾಜಿಗೆ ಹಾಕದೆ ಮಣ್ಣು ಪರೀಕ್ಷೆ ಮಾಡಿಸಿ. ಬಾವಿಯ ನೀರನ್ನೂ ಕುಡಿಯುವ ಮೊದಲು ಪರೀಕ್ಷೆಗೆ ಕೊಡಿ.

ಅಡೂರಿನ ವಿದ್ಯಾರ್ಥಿ:
ಮಣ್ಣಿನೊಳಗೆ ಎಷ್ಟೋ ಸಾವಿರ ವರ್ಷ ಸುಮ್ಮನಿದ್ದದ್ದು ಎರಡು ವಾರದಲ್ಲಿ ಬದಲಾಯಿತಲ್ಲ! ಎಲೆಗಳು ಏನಾದವು?

ಶಿರಿಯ ಹೊಳೆಕರೆ:
ಒಂದು ಹೆಂಟೆಯನ್ನು ಜಗಲಿಯ ಅಂಚಿನಲ್ಲಿ ಇಟ್ಟಿದ್ದೆ. ಬಿಸಿಲಿಗೆ ಸೀಳುಬಿಟ್ಟು, ಎಲೆ ಕರಟಿ ಪುಡಿಯಾಗಿ ಗಾಳಿಗೆ ಹಾರಿತು, ಈಗ ಅಚ್ಚು ಮಾತ್ರ ಉಳಿದಿದೆ. ಇನ್ನೊಂದನ್ನು ಬಾವಿಯ ನೀರಿನೊಂದಿಗೆ ಹೋರ್ಲಿಕ್ಸ್ ಬಾಟಲಿಯಲ್ಲಿ ಕಂಠಮಟ್ಟ ತುಂಬಿಸಿ ಮುಚ್ಚಳ ಬಿಗಿದಿದ್ದೆ. ಅದರೊಳಗಿನ ಎಲೆ ಮೊನ್ನೆಯವರೆಗೂ ತೆಗೆದ ದಿನದಂತೆಯೇ ಇತ್ತು. ನಿನ್ನೆ ಸಂಜೆ ಮಗಳು ವಾಸನೆ ಇದೆಯೇ ಎಂದು ಮುಚ್ಚಳ ತೆರೆದು ಮೂಸಿ, ನೀರನ್ನು ಅಂಗಳಕ್ಕೆ ಚೆಲ್ಲಿ, ಬಾಟಲಿಯನ್ನು ತೊಳೆದು ಕವುಚಿ ಹಾಕಿದ್ದಾಳೆ.